ಒಂದೇ ಕೊಳಗದಲ್ಲಿ ಅಳೆಯೋಣ: ಆರ್ಥಿಕ ವ್ಯವಸ್ಥೆಗಳ ಬಗ್ಗೆ ಒಂದು ಪಾಠ



ದ್ವಿತೀಯ ಪಿಯುಸಿ ಅರ್ಥಶಾಸ್ತ್ರದ ಆರಂಭದಲ್ಲೇ ಮಾರುಕಟ್ಟೆ ಅರ್ಥವ್ಯವಸ್ಥೆ, ಕೇಂದ್ರೀಕೃತ ಯೋಜಿತ ಅರ್ಥವ್ಯವಸ್ಥೆ ಎಂಬ ಎರಡು ಹೆಸರುಗಳು ಬರುತ್ತವೆ. ಎರಡರ ವ್ಯತ್ಯಾಸ ಬರೆಯಿರಿ ಎಂದರೆ ನೀವೆಲ್ಲ ಚೆನ್ನಾಗಿಯೇ ಬರೆಯುತ್ತೀರಿ. ಆದರೆ ಪಾಠ ಮುಗಿಯುವ ಹೊತ್ತಿಗೆ ಪ್ರತಿ ವರ್ಷ ಒಂದು ಪ್ರಶ್ನೆ ಬಂದೇ ಬರುತ್ತದೆ: "ಸರ್, ಕಡೆಗೆ ಯಾವುದು ಒಳ್ಳೆಯದು?" ಕೆಲವರು ಇಸ್ಲಾಮೀ ಅರ್ಥವ್ಯವಸ್ಥೆಯನ್ನೂ ಸೇರಿಸಿ ಮೂರರಲ್ಲಿ ಯಾವುದು ಎಂದು ಕೇಳುತ್ತಾರೆ.

ಈ ಪ್ರಶ್ನೆಗೆ ತರಗತಿಯಲ್ಲಿ ಐದು ನಿಮಿಷದಲ್ಲಿ ಉತ್ತರ ಹೇಳುವುದು ಕಷ್ಟ. ಏಕೆಂದರೆ ಅದರೊಳಗೆ ಇನ್ನೊಂದು ಪ್ರಶ್ನೆ ಅಡಗಿದೆ. ಒಳ್ಳೆಯದು ಎಂದರೆ ಯಾರಿಗೆ, ಯಾವ ಅಳತೆಯಿಂದ? ಅಳತೆಯೇ ಗೊತ್ತಿಲ್ಲದೆ ತೂಕ ಹೇಳಲು ಬರುವುದಿಲ್ಲ. ಅಭಿಜಾತ ಅರ್ಥಶಾಸ್ತ್ರಜ್ಞರು, ಅಂದರೆ ಆಡಂ ಸ್ಮಿತ್, ಡೇವಿಡ್ ರಿಕಾರ್ಡೊ, ಜಾನ್ ಸ್ಟುವರ್ಟ್ ಮಿಲ್ ಮೊದಲಾದವರು, ಈ ಅಳತೆಯ ಬಗ್ಗೆ ತುಂಬ ಯೋಚಿಸಿದವರು. ಅವರ ಯೋಚನೆಯನ್ನು ನಮ್ಮ ಬೈಂದೂರು, ಕುಂದಾಪುರದ ಗದ್ದೆ ಮತ್ತು ಕಡಲಿಗೆ ಹಚ್ಚಿ ನೋಡುವುದು ಈ ಲೇಖನದ ಉದ್ದೇಶ.

ಸ್ಮಿತ್ ನೋಡಿದ್ದು ಕೂಲಿಯನ್ನು

ಆಡಂ ಸ್ಮಿತ್ತನ 'ರಾಷ್ಟ್ರಗಳ ಸಂಪತ್ತು' ಗ್ರಂಥ ಪ್ರಕಟವಾದದ್ದು 1776ರಲ್ಲಿ. ಆ ಕಾಲದಲ್ಲಿ ದೇಶದ ಸಂಪತ್ತು ಎಂದರೆ ಖಜಾನೆಯಲ್ಲಿರುವ ಚಿನ್ನ, ಬೆಳ್ಳಿ ಎಂದು ಹಲವರು ತಿಳಿದಿದ್ದರು. ಸ್ಮಿತ್ ಇದನ್ನು ಒಪ್ಪಲಿಲ್ಲ. ಒಂದು ದೇಶ ವರ್ಷಕ್ಕೆ ಎಷ್ಟು ಉತ್ಪಾದಿಸುತ್ತದೆ, ಅದನ್ನು ಉಣ್ಣುವ ಬಾಯಿಗಳು ಎಷ್ಟು ಎಂಬ ಲೆಕ್ಕವೇ ನಿಜವಾದ ಸಂಪತ್ತು ಎಂದ. ಬಹುಪಾಲು ಜನ ಬಡತನದಲ್ಲಿರುವ ಸಮಾಜವನ್ನು ಏಳಿಗೆಯ ಸಮಾಜ ಎನ್ನಲಾಗದು ಎಂಬುದೂ ಅವನ ಮಾತೇ.

ದೇಶಗಳನ್ನು ಹೋಲಿಸುವಾಗ ಅವನು ದೊಡ್ಡ ಕಟ್ಟಡ, ಹಡಗುಗಳನ್ನು ನೋಡಲಿಲ್ಲ; ಕೂಲಿಕಾರನ ಕೂಲಿಯನ್ನು ನೋಡಿದ. ಇಂಗ್ಲೆಂಡಿಗಿಂತ ಬಡವಾಗಿದ್ದರೂ ಬೆಳೆಯುತ್ತಿದ್ದ ಉತ್ತರ ಅಮೆರಿಕದಲ್ಲಿ ಕೂಲಿ ಹೆಚ್ಚು. ಶ್ರೀಮಂತವಾಗಿದ್ದರೂ ನಿಂತ ನೀರಾಗಿದ್ದ ಚೀನಾದಲ್ಲಿ ಕೂಲಿ ಕಡಿಮೆ. ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಸಿಕ್ಕ ಬಂಗಾಳದಲ್ಲಿ ಮಣ್ಣು ಫಲವತ್ತಾಗಿದ್ದರೂ ಜನ ಹಸಿವಿನಿಂದ ಸಾಯುತ್ತಿದ್ದರು. 1770ರ ಬಂಗಾಳದ ಕ್ಷಾಮ ಅವನ ಕಾಲದ್ದೇ ಘಟನೆ. ವ್ಯಾಪಾರಿಗಳ ಕಂಪನಿಯೇ ಸರಕಾರವಾದರೆ ಅದಕ್ಕಿಂತ ಕೆಟ್ಟ ಸರಕಾರ ಇರಲಾರದು ಎಂಬ ತೀರ್ಮಾನಕ್ಕೆ ಅವನು ಬಂದ. ಮಾರುಕಟ್ಟೆಯ ಪಿತಾಮಹ ಎಂದು ನಾವು ಕರೆಯುವ ಮನುಷ್ಯ ಒಂದು ವ್ಯಾಪಾರಿ ಕಂಪನಿಯ ಬಗ್ಗೆ ಹೀಗೆ ಹೇಳಿದ್ದನ್ನು ನೆನಪಿಡಿ. ಅವನು ಹೆಸರನ್ನು ನೋಡಿ ತೀರ್ಪು ಕೊಡಲಿಲ್ಲ.

ಬೈಲು, ಮಜಲು, ಬೆಟ್ಟು: ರಿಕಾರ್ಡೊನ ಪಾಠ

1817ರಲ್ಲಿ ರಿಕಾರ್ಡೊ ಗೇಣಿಯ ಸಿದ್ಧಾಂತವನ್ನು ಸ್ಪಷ್ಟವಾಗಿ ಬರೆದ. ಪುಸ್ತಕದಲ್ಲಿ ಇದು ಎ, ಬಿ, ಸಿ ದರ್ಜೆಯ ಭೂಮಿ ಎಂದು ಬರುತ್ತದೆ. ನಮ್ಮಲ್ಲಿ ಇದಕ್ಕೆ ಹೆಸರುಗಳು ಮೊದಲೇ ಇವೆ. ತಗ್ಗಿನಲ್ಲಿ ನೀರು ನಿಲ್ಲುವ ಬೈಲು ಗದ್ದೆ, ನಡುವಿನ ಮಜಲು ಗದ್ದೆ, ಮಳೆಯನ್ನೇ ನಂಬಿದ ಬೆಟ್ಟು ಗದ್ದೆ.

ಲೆಕ್ಕಕ್ಕೆ ಹೀಗೆ ಭಾವಿಸಿ. ಅಷ್ಟೇ ವಿಸ್ತಾರ, ಅಷ್ಟೇ ದುಡಿಮೆ, ಅಷ್ಟೇ ಗೊಬ್ಬರ ಹಾಕಿದಾಗ ಬೆಟ್ಟಿನಲ್ಲಿ 6 ಮುಡಿ, ಮಜಲಿನಲ್ಲಿ 9 ಮುಡಿ, ಬೈಲಿನಲ್ಲಿ 12 ಮುಡಿ ಅಕ್ಕಿ ಸಿಗುತ್ತದೆ. ಬೆಟ್ಟಿನ 6 ಮುಡಿಯಲ್ಲಿ ದುಡಿದವನ ಖರ್ಚು, ಹೊಟ್ಟೆಪಾಡು ಅಲ್ಲಿಗಲ್ಲಿಗೆ ಸರಿಯಾಗುತ್ತದೆ. ಊರಿನ ಜನಕ್ಕೆ ಊಟ ಸಾಲದೆ ಬೆಟ್ಟನ್ನೂ ಉಳಲೇಬೇಕಾದಾಗ ಮಜಲಿಗೆ 3 ಮುಡಿ, ಬೈಲಿಗೆ 6 ಮುಡಿ ಗೇಣಿ ಹುಟ್ಟುತ್ತದೆ. ಈ 6 ಮುಡಿಯನ್ನು ಧಣಿಯೂ ದುಡಿದು ತರಲಿಲ್ಲ, ಒಕ್ಕಲೂ ಹೆಚ್ಚು ದುಡಿದು ತರಲಿಲ್ಲ. ಅದು ನೆಲದ ಗುಣ. ಹಾಗಾದರೆ ಅದು ಯಾರಿಗೆ ಸೇರಬೇಕು? ಈ ಪ್ರಶ್ನೆಗೆ ಪ್ರಕೃತಿ ಉತ್ತರ ಹೇಳುವುದಿಲ್ಲ. ಸಮಾಜದ ನಿಯಮ ಹೇಳುತ್ತದೆ. ವ್ಯವಸ್ಥೆ ಎಂದರೆ ಈ ನಿಯಮವೇ.

ಅರ್ಧ ಪಾಲು ಸರಿಯೋ ತಪ್ಪೋ?

ಈಗ ಒಂದೇ ನಿಯಮವನ್ನು ಹಿಡಿದು ನೋಡೋಣ: ಫಸಲಿನಲ್ಲಿ ಅರ್ಧ ಒಡೆಯನಿಗೆ, ಅರ್ಧ ದುಡಿದವನಿಗೆ. ಫ್ರಾನ್ಸಿನಲ್ಲಿ ಇಂಥ ಪಾಲು ಬೇಸಾಯ ಬಹಳವಾಗಿ ಇತ್ತು. ಸ್ಮಿತ್ ಇದನ್ನು ಟೀಕಿಸಿದ. ಒಕ್ಕಲು ತನ್ನ ಉಳಿತಾಯ ಹಾಕಿ ತೋಡು ತೆಗೆದರೆ, ಗೊಬ್ಬರ ಹೊತ್ತರೆ, ಅದರಿಂದ ಬರುವ ಹೆಚ್ಚಿನ ಫಸಲಿನಲ್ಲಿ ಅರ್ಧ ಏನೂ ಹಾಕದ ಒಡೆಯನಿಗೆ ಹೋಗುತ್ತದೆ. ಹಾಗಿರುವಾಗ ಯಾರು ನೆಲವನ್ನು ಸುಧಾರಿಸುತ್ತಾರೆ ಎಂಬುದು ಅವನ ವಾದ.

1848ರಲ್ಲಿ ಮಿಲ್ ತನ್ನ 'ರಾಜಕೀಯ ಅರ್ಥಶಾಸ್ತ್ರದ ತತ್ತ್ವಗಳು' ಗ್ರಂಥದಲ್ಲಿ ಇದೇ ವಿಷಯ ಎತ್ತಿಕೊಂಡ. ಆದರೆ ಅವನು ಇಟಲಿಯ ಟಸ್ಕನಿ ಪ್ರಾಂತದ ವರದಿಗಳನ್ನೂ ಓದಿದ್ದ. ಅಲ್ಲಿ ಸ್ವತಃ ಬೇಸಾಯ ಮಾಡಿಸಿದ್ದ ಸಿಸ್ಮೊಂಡಿ ಎಂಬ ಅರ್ಥಶಾಸ್ತ್ರಜ್ಞ ಬರೆದ ವರದಿಯ ಪ್ರಕಾರ ಅರ್ಧ ಪಾಲಿನ ಒಕ್ಕಲು ಅಲ್ಲಿ ನೆಮ್ಮದಿಯಿಂದಿತ್ತು. ನಿಯಮ ಅದೇ, ಫಲ ಬೇರೆ. ಏಕೆ? ಟಸ್ಕನಿಯಲ್ಲಿ ಪಾಲು ಎಷ್ಟು ಎಂಬುದನ್ನು ರೂಢಿ ನಿಗದಿ ಮಾಡಿತ್ತು. ಒಕ್ಕಲನ್ನು ಸುಮ್ಮಸುಮ್ಮನೆ ಎಬ್ಬಿಸುವ ಪದ್ಧತಿ ಇರಲಿಲ್ಲ. ಕೆಟ್ಟದ್ದು ಪಾಲು ಮಾತ್ರವಲ್ಲ, ಭದ್ರತೆ ಇಲ್ಲದಿರುವುದು ಎಂಬುದನ್ನು ಮಿಲ್ ಗುರುತಿಸಿದ.

ಇನ್ನೂ ಒಂದು ಸಂಗತಿ ಇದೆ. ಚಾರ್ಲ್ಸ್ ಬ್ಯಾಬೇಜ್ 1832ರ ತನ್ನ ಪುಸ್ತಕದಲ್ಲಿ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬಲೆ ಮೀನುಗಾರಿಕೆಯ ಬಗ್ಗೆ ಬರೆದಿದ್ದಾನೆ. ಹಿಡಿದ ಮೀನಿನಲ್ಲಿ ಅರ್ಧ ದೋಣಿ ಮತ್ತು ಬಲೆಯ ಒಡೆಯನಿಗೆ. ಉಳಿದ ಅರ್ಧ ಬಲೆ ಎಳೆದವರಿಗೆ ಸಮಪಾಲು. ಹರಿದ ಬಲೆ ಸರಿಮಾಡಲು ಅವರೂ ಕೈಹಾಕಬೇಕು. ಇದನ್ನು ಅವನೂ, ಅವನನ್ನು ಉದಾಹರಿಸಿದ ಮಿಲ್ಲನೂ ಒಳ್ಳೆಯ ಪದ್ಧತಿ ಎಂದೇ ಕಂಡರು. ಗದ್ದೆಯಲ್ಲಿ ಸ್ಮಿತ್ ಬೇಡವೆಂದ ಅರ್ಧ ಪಾಲು ಕಡಲಿನಲ್ಲಿ ಒಳ್ಳೆಯದಾದದ್ದು ಹೇಗೆ? ಕಡಲಿನಲ್ಲಿ ದೋಣಿ, ಬಲೆಯ ಬಂಡವಾಳ ಒಡೆಯನದ್ದು. ಮೀನು ಸಿಗದ ದಿನ ಇಬ್ಬರಿಗೂ ಇಲ್ಲ. ಸಿಕ್ಕ ದಿನ ಇಬ್ಬರಿಗೂ ಉಂಟು. ದುಡಿದದ್ದರ ಫಲ ಅದೇ ದಿನ ಕಣ್ಣೆದುರು ದಡಕ್ಕೆ ಬರುತ್ತದೆ. ಗದ್ದೆಯಲ್ಲಿಯಾದರೆ ಒಕ್ಕಲು ಇಂದು ನೆಟ್ಟ ತೆಂಗಿನ ಸಸಿ ಫಲ ಕೊಡಲು ವರ್ಷಗಳು ಬೇಕು. ಅಷ್ಟು ಹೊತ್ತಿಗೆ ಅವನು ಅಲ್ಲಿರುತ್ತಾನೋ ಇಲ್ಲವೋ.

ಕೂಫಾದಲ್ಲಿ ನಡೆದ ಚರ್ಚೆ

ಇದೇ ಅರ್ಧ ಪಾಲಿನ ಬಗ್ಗೆ ಸ್ಮಿತ್ತನಿಗಿಂತ ಸಾವಿರ ವರ್ಷ ಮೊದಲೇ ಇರಾಕಿನ ಕೂಫಾದ ವಿದ್ವಾಂಸರು ವಾದಿಸಿದ್ದರು. ಪಾಲು ಬೇಸಾಯಕ್ಕೆ ಫಿಕ್ಹ್‌ನಲ್ಲಿ ಮುಝಾರಅ ಎಂದು ಹೆಸರು. ಕ್ರಿ.ಶ. 767ರಲ್ಲಿ ತೀರಿಕೊಂಡ ಇಮಾಂ ಅಬೂ ಹನೀಫಾ ಇದನ್ನು ಒಪ್ಪಲಿಲ್ಲ. ಬೆಳೆ ಬರುತ್ತದೋ ಇಲ್ಲವೋ ಗೊತ್ತಿಲ್ಲದಿರುವಾಗ ದುಡಿಯುವವನ ಪ್ರತಿಫಲ ಅನಿಶ್ಚಿತವಾಗುತ್ತದೆ ಎಂಬುದು ಅವರ ಆಕ್ಷೇಪಗಳಲ್ಲಿ ಒಂದು. ಅವರ ಶಿಷ್ಯ ಅಬೂ ಯೂಸುಫ್ ಬೇರೆ ಅಭಿಪ್ರಾಯ ತಾಳಿದರು. ಒಬ್ಬರ ಹಣ, ಇನ್ನೊಬ್ಬರ ದುಡಿಮೆ ಸೇರಿ ಲಾಭ ಹಂಚಿಕೊಳ್ಳುವ ಮುಝಾರಬ ಸರಿ ಎಂದಾದರೆ ನೆಲ ಮತ್ತು ದುಡಿಮೆ ಸೇರಿ ಫಸಲು ಹಂಚಿಕೊಳ್ಳುವುದೂ ಸರಿಯೇ ಎಂದರು. ಪ್ರವಾದಿ ಮುಹಮ್ಮದ್ (ಸ) ಖೈಬರಿನ ಭೂಮಿಯನ್ನು ಅಲ್ಲಿಯ ಬೇಸಾಯಗಾರರಿಗೇ ಅರ್ಧ ಪಾಲಿಗೆ ಬಿಟ್ಟುಕೊಟ್ಟ ಮಾದರಿಯೂ ಅವರ ಮುಂದಿತ್ತು. ಖಲೀಫಾ ಹಾರೂನ್ ಅಲ್ ರಶೀದನಿಗಾಗಿ ಬರೆದ 'ಕಿತಾಬುಲ್ ಖರಾಜ್' ಗ್ರಂಥದಲ್ಲಿ ಅಬೂ ಯೂಸುಫ್ ಭೂಕಂದಾಯವನ್ನೂ ನಿಗದಿತ ಮೊತ್ತದ ಬದಲು ಬೆಳೆಯ ಪಾಲಾಗಿ ಪಡೆಯಿರಿ ಎಂದು ಸಲಹೆ ಕೊಟ್ಟರು. ಬೆಳೆ ಕೆಟ್ಟ ವರ್ಷ ನಿಗದಿತ ಕಂದಾಯ ರೈತನನ್ನು ಮುರಿಯುತ್ತದೆ. ಪಾಲಾದರೆ ಸರಕಾರವೂ ಕಷ್ಟದಲ್ಲಿ ಪಾಲುದಾರ.

ಗುರು, ಶಿಷ್ಯ ಇಬ್ಬರೂ ಪ್ರಾಮಾಣಿಕರು. ಒಂದೇ ನಂಬಿಕೆಯೊಳಗೆ ಇದ್ದುಕೊಂಡೂ ಭಿನ್ನ ಅಭಿಪ್ರಾಯಕ್ಕೆ ಬಂದರು. "ಇಸ್ಲಾಮೀ ವ್ಯವಸ್ಥೆ" ಎಂದು ಹೆಸರು ಬರೆದ ಮಾತ್ರಕ್ಕೆ ಉತ್ತರ ಮುಗಿಯುವುದಿಲ್ಲ. ಕಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂದು ಅವರ ಹಾಗೆ ವಿಚಾರಿಸಬೇಕು.

ನಮ್ಮ ನೆಲದ ಎರಡು ಗೇಣಿಗಳು

1799ರಲ್ಲಿ ಟಿಪ್ಪು ಸುಲ್ತಾನರು ಮಡಿದ ಬಳಿಕ ಕೆನರಾ ಕಂಪನಿಯ ವಶವಾಯಿತು. ಥಾಮಸ್ ಮನ್ರೋ ಇಲ್ಲಿಯ ಕಲೆಕ್ಟರ್ ಆಗಿ ಬಂದ. ಭೂಮಿಯೆಲ್ಲ ಅರಸನದ್ದು ಎಂಬ ಮಾತು ಇಲ್ಲಿಗೆ ಹೊಂದುವುದಿಲ್ಲ, ಇಲ್ಲಿ ಭೂಮಿ ಹಿಂದಿನಿಂದಲೂ ಖಾಸಗಿ ಸ್ವತ್ತು, ಅದನ್ನು ಮಾರುತ್ತಾರೆ, ಅಡವಿಡುತ್ತಾರೆ ಎಂದು ಅವನು ವರದಿ ಮಾಡಿದ. ಮುಂದೆ ಮದ್ರಾಸ್ ಪ್ರಾಂತದಲ್ಲಿ ರೈತವಾರಿ ಪದ್ಧತಿಯ ದೊಡ್ಡ ಸಮರ್ಥಕ ಅವನೇ.

ರೈತವಾರಿ ಎಂದರೆ ಸರಕಾರ ಮತ್ತು ರೈತನ ನಡುವೆ ಜಮೀನ್ದಾರ ಇಲ್ಲ ಎಂದು ಪುಸ್ತಕದಲ್ಲಿದೆ. ಆದರೆ ನಮ್ಮ ಕರಾವಳಿಯಲ್ಲಿ ಕಂದಾಯ ಕಟ್ಟುವ ವರ್ಗದಾರ ಬಹಳ ಕಡೆ ಉಳುವವನಾಗಿರಲಿಲ್ಲ. ಅವನ ಕೆಳಗೆ ಗೇಣಿ ಒಕ್ಕಲು ಇತ್ತು. ಅದರಲ್ಲಿ ಎರಡು ಮುಖ್ಯ ಬಗೆ. ಮೂಲಗೇಣಿಯವನಿಗೆ ಗೇಣಿ ಶಾಶ್ವತವಾಗಿ ನಿಗದಿ. ಹಕ್ಕು ಮಕ್ಕಳಿಗೂ ಬರುತ್ತದೆ. ಚಾಲಗೇಣಿಯವನು ಧಣಿ ಒಪ್ಪುವ ತನಕ ಮಾತ್ರ. ತಲೆತಲಾಂತರ ಅದೇ ಗದ್ದೆಯಲ್ಲಿ ಉಳಿದ ಚಾಲಗೇಣಿ ಮನೆಗಳೂ ಇದ್ದವು. ಆದರೆ ಅದು ಧಣಿಯ ಮನಸ್ಸಿನಿಂದ, ಹಕ್ಕಿನಿಂದಲ್ಲ.

ಈಗ ಎಲ್ಲವನ್ನೂ ಎರಡು ಪ್ರಶ್ನೆಗಳ ಮೇಲೆ ಜೋಡಿಸಿ. ಕೊಡಬೇಕಾದದ್ದು ಪಾಲೋ, ನಿಗದಿಯೋ? ನೆಲದ ಮೇಲೆ ಭದ್ರತೆ ಉಂಟೋ, ಇಲ್ಲವೋ? ಟಸ್ಕನಿಯಲ್ಲಿ ಪಾಲು ಇತ್ತು, ಭದ್ರತೆಯೂ ಇತ್ತು, ಕಷ್ಟ ಹಂಚಿಕೆಯಾಯಿತು. ಮೂಲಗೇಣಿಯಲ್ಲಿ ನಿಗದಿ ಇತ್ತು, ಭದ್ರತೆಯೂ ಇತ್ತು. ಹೆಚ್ಚು ದುಡಿದರೆ ಹೆಚ್ಚಿನದೆಲ್ಲ ಒಕ್ಕಲಿಗೇ. ಚಾಲಗೇಣಿಯಲ್ಲಿ ನಿಗದಿ ಇತ್ತು, ಭದ್ರತೆ ಇರಲಿಲ್ಲ. ಮಳೆ ಕೈಕೊಟ್ಟರೆ ನಷ್ಟ ಒಕ್ಕಲಿಗೆ. ಬೆಳೆ ಹೆಚ್ಚಾದರೆ ಮುಂದಿನ ವರ್ಷ ಗೇಣಿ ಏರಿಸಬಹುದು. ಎರಡೂ ಕಡೆಯಿಂದ ಪೆಟ್ಟು.

ಮಿಲ್ ಐರ್ಲೆಂಡಿನಲ್ಲಿ ಕಂಡದ್ದೂ ಇದೇ. ಭೂಮಿ ಕಡಿಮೆ, ಕೇಳುವವರು ಹೆಚ್ಚು. ಒಬ್ಬರ ಮೇಲೊಬ್ಬರು ಗೇಣಿ ಏರಿಸಿ ಒಪ್ಪಿಕೊಳ್ಳುತ್ತಿದ್ದರು. 1845ರಿಂದ ಆಲೂಗಡ್ಡೆಗೆ ರೋಗ ಬಂದಾಗ ಆ ಬದುಕು ಕುಸಿದುಬಿತ್ತು. ಇದಕ್ಕೆ ಮಿಲ್ ಸೂಚಿಸಿದ ಪರಿಹಾರಗಳಲ್ಲಿ ಒಂದು, ಗೇಣಿಯನ್ನು ಶಾಶ್ವತವಾಗಿ ನಿಗದಿ ಮಾಡಿ ಒಕ್ಕಲಿಗೆ ಭದ್ರತೆ ಕೊಡುವುದು. ನಮ್ಮ ಹಿರಿಯರ ಮಾತಿನಲ್ಲಿ ಹೇಳುವುದಾದರೆ ಚಾಲಗೇಣಿಯನ್ನು ಮೂಲಗೇಣಿ ಮಾಡುವುದು.

ಕೊಳಗದ ಪ್ರಶ್ನೆ

ಘಟ್ಟದ ಮೇಲಿನ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಜಗಳದ ಮೂಲಗಳಲ್ಲಿ ಒಂದು ಕೊಳಗ: ಗೇಣಿ ಭತ್ತ ಅಳೆದುಕೊಳ್ಳಲು ಒಡೆಯರು ದೊಡ್ಡ ಕೊಳಗ ಬಳಸುತ್ತಾರೆ ಎಂಬುದು ಗೇಣಿದಾರರ ದೂರು. ತೆಗೆದುಕೊಳ್ಳುವಾಗ ಒಂದು ಅಳತೆ, ಕೊಡುವಾಗ ಇನ್ನೊಂದು ಅಳತೆ ಬಳಸುವವರನ್ನು ಪವಿತ್ರ ಕುರ್‌ಆನಿನ 83ನೇ ಅಧ್ಯಾಯ ಅಲ್ ಮುತಫ್ಫಿಫೀನ್ ಕಟುವಾಗಿ ಖಂಡಿಸುತ್ತದೆ ಎಂಬುದು ನಿಮಗೆ ಗೊತ್ತು.

ವ್ಯವಸ್ಥೆಗಳನ್ನು ಹೋಲಿಸುವಾಗಲೂ ನಾವು ಎರಡು ಕೊಳಗ ಇಟ್ಟುಕೊಳ್ಳುತ್ತೇವೆ. ನಮಗೆ ಇಷ್ಟವಾದ ವ್ಯವಸ್ಥೆಯನ್ನು ಅದರ ಪುಸ್ತಕದಿಂದ ಅಳೆಯುತ್ತೇವೆ. ಇಷ್ಟವಿಲ್ಲದ್ದನ್ನು ಅದರ ಚರಿತ್ರೆಯಿಂದ ಅಳೆಯುತ್ತೇವೆ. ಸಮಾಜವಾದಿಗೆ ಸಮಾನತೆಯ ಆದರ್ಶ ಮತ್ತು ಬಂಗಾಳದ ಕ್ಷಾಮ ಕಾಣುತ್ತದೆ. ಮಾರುಕಟ್ಟೆವಾದಿಗೆ ಸ್ಪರ್ಧೆಯ ಆದರ್ಶ ಮತ್ತು ಸೋವಿಯತ್ ಅಂಗಡಿಗಳ ಉದ್ದದ ಸಾಲು ಕಾಣುತ್ತದೆ. ಮಿಲ್ ಇದನ್ನು ತಪ್ಪು ಎಂದ. ಸಮುದಾಯದ ಒಡೆತನವನ್ನು ಅದರ ಅತ್ಯುತ್ತಮ ರೂಪದಲ್ಲಿ ನೋಡುವುದಾದರೆ ಖಾಸಗಿ ಒಡೆತನವನ್ನೂ ಸುಧಾರಿಸಿದ ರೂಪದಲ್ಲಿಯೇ ನೋಡಬೇಕು ಎಂಬುದು ಅವನ ನಿಯಮ. ಆದರ್ಶಕ್ಕೆ ಆದರ್ಶ, ವಾಸ್ತವಕ್ಕೆ ವಾಸ್ತವ. ಕೊನೆಗೆ ಮನುಷ್ಯನ ಸ್ವಾತಂತ್ರ್ಯಕ್ಕೆ ಯಾವುದರಲ್ಲಿ ಹೆಚ್ಚು ಜಾಗವಿದೆ ಎಂಬುದು ನಿರ್ಣಾಯಕವಾಗಬಹುದು ಎಂದೂ ಅವನು ಹೇಳಿದ. ಹೊಟ್ಟೆ ತುಂಬಿದ ಮೇಲೂ ಆ ಪ್ರಶ್ನೆ ಉಳಿಯುತ್ತದೆ.

1974ನ್ನು ಅಳೆದು ನೋಡೋಣ

ಕರ್ನಾಟಕದ ಭೂಸುಧಾರಣಾ ಕಾಯಿದೆ 1961ರದ್ದು. ದೇವರಾಜ ಅರಸರ ಕಾಲದಲ್ಲಿ ಅದಕ್ಕೆ ತಿದ್ದುಪಡಿ ಬಂದು 1974ರ ಮಾರ್ಚ್ 1ರಂದು ಗೇಣಿಯಲ್ಲಿದ್ದ ಭೂಮಿ ಸರಕಾರಕ್ಕೆ ಸೇರಿತು. ಒಕ್ಕಲು ನಮೂನೆ 7ರಲ್ಲಿ ಅರ್ಜಿ ಹಾಕಿ ಭೂನ್ಯಾಯ ಮಂಡಳಿಯಿಂದ ಒಡೆತನ ಪಡೆಯಬಹುದಾಯಿತು. ನಮ್ಮ ಕಡೆ ಹಿರಿಯರು ಇಂದಿಗೂ "ಡಿಕ್ಲರೇಷನ್ ಜಾಗ" ಎನ್ನುವುದು ಇದನ್ನೇ. ಗೇಣಿ ಬೇಸಾಯ ಬಹಳವಾಗಿದ್ದ ಅಂದಿನ ಅವಿಭಜಿತ ದಕ್ಷಿಣ ಕನ್ನಡದಲ್ಲಿ ಈ ಕಾಯಿದೆಯ ಪರಿಣಾಮ ದೊಡ್ಡದು.

ಒಂದೇ ಕೊಳಗದಲ್ಲಿ ಅಳೆಯುವುದಾದರೆ ಎರಡೂ ಬದಿ ಬರೆಯಬೇಕು. ಗಳಿಕೆಯ ಬದಿಯಲ್ಲಿ, ಎಬ್ಬಿಸುವ ಭಯ ಹೋಯಿತು. ಗೇಣಿಗೆ ಹೋಗುತ್ತಿದ್ದ ಮುಡಿ ಮನೆಯಲ್ಲಿ ಉಳಿಯಿತು. ಧಣಿಯ ಎದುರು ನಿಂತು "ಆಗುವುದಿಲ್ಲ" ಎನ್ನುವ ಧೈರ್ಯ ಬಂತು. ಇದು ಮಿಲ್ ಹೇಳಿದ ಸ್ವಾತಂತ್ರ್ಯ. ಇನ್ನೊಂದು ಬದಿಯಲ್ಲಿ, ಗೇಣಿ ಚೀಟಿಯೂ ಇಲ್ಲದೆ ಬರಿಯ ಕೂಲಿಗೆ ನಟ್ಟಿ, ಕೊಯ್ಲು ಮಾಡುತ್ತಿದ್ದವರಿಗೆ ಗದ್ದೆ ಸಿಗಲಿಲ್ಲ. ಕಾಯಿದೆ ಕೇಳಿದ್ದು ಒಕ್ಕಲು ಯಾರು ಎಂದು, ಕೆಲಸದವರು ಯಾರು ಎಂದಲ್ಲ. ಅಲ್ಪಸ್ವಲ್ಪ ಭೂಮಿಯನ್ನು ಗೇಣಿಗೆ ಕೊಟ್ಟು ಬದುಕುತ್ತಿದ್ದ ವಿಧವೆಯರಂಥ ಸಣ್ಣ ಒಡೆಯರೂ ಭೂಮಿ ಕಳೆದುಕೊಂಡರು. ಮಕ್ಕಳು ಬೆಂಗಳೂರು, ಮುಂಬೈ, ಗಲ್ಫ್ ಸೇರಿದ ಮೇಲೆ ಎಷ್ಟೋ ಬೈಲುಗಳು ಹಡಿಲು ಬಿದ್ದಿವೆ. ಭದ್ರತೆ ಇದ್ದ ಮಾತ್ರಕ್ಕೆ ಗದ್ದೆ ನಳನಳಿಸುವುದಿಲ್ಲ. ಬೇಸಾಯದಲ್ಲಿ ಆದಾಯವೂ ಬೇಕು.

ನನ್ನ ತೀರ್ಪು ಕೇಳಿದರೆ, ಚಾಲಗೇಣಿಗಿಂತ 1974ರ ವ್ಯವಸ್ಥೆ ಖಂಡಿತ ಮೇಲು. ಆದರೆ ನಟ್ಟಿ ಮಾಡಿದ ಹೆಂಗಸಿನ ಬದಿಯಿಂದ ಅಳೆದರೆ ಆ ಕೆಲಸ ಅರ್ಧಕ್ಕೇ ನಿಂತಿತು. ಸ್ಮಿತ್ತನ ಅಳತೆ ಕೂಲಿಕಾರನ ಕೂಲಿ ತಾನೇ? ಅದನ್ನು ನಮ್ಮ ಹೆಮ್ಮೆಯ ಕಾಯಿದೆಗೂ ಹಚ್ಚಬೇಕು.

ಕಡಲಿಗೂ ಅದೇ ಅಳತೆ

ಗಂಗೊಳ್ಳಿ, ಮರವಂತೆ, ಉಪ್ಪುಂದ, ಶಿರೂರಿನ ಮೀನುಗಾರಿಕೆಯಲ್ಲಿ ಡೀಸೆಲ್, ಮಂಜುಗಡ್ಡೆ ಮುಂತಾದ ಖರ್ಚು ಕಳೆದು ಉಳಿದದ್ದನ್ನು ಒಡೆಯ ಮತ್ತು ಕಲಾಸಿಗಳು ಪಾಲು ಮಾಡಿಕೊಳ್ಳುವ ಪದ್ಧತಿ ಇಂದಿಗೂ ಇದೆ. ಬ್ಯಾಬೇಜ್ ಹೇಳಿದ ಗುಣಗಳು ಇದರಲ್ಲಿವೆ. ಆದರೆ ಖರ್ಚಿನ ಲೆಕ್ಕ ಯಾರ ಕೈಯಲ್ಲಿದೆ? ಮುಂಗಡ ತೆಗೆದುಕೊಂಡ ಕಲಾಸಿ ಬೇಡವೆನಿಸಿದಾಗ ಬೇರೆ ದೋಣಿಗೆ ಹೋಗಬಲ್ಲನೇ? ಪಾಲು ಎಂಬ ಹೆಸರಿನಿಂದ ಈ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ.

ಹಿಂದೆ ದಡದಿಂದ ಹತ್ತಾರು ಜನ ಸೇರಿ ಎಳೆಯುತ್ತಿದ್ದ ರಂಪಣಿ ಬಲೆಯಲ್ಲಿ ಇಡೀ ಕೇರಿಗೆ ಪಾಲು ಇರುತ್ತಿತ್ತು. 1970ರ ದಶಕದ ನಡುವಿನಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಬಿತ್ತು. ಒಟ್ಟು ಮೀನು ಹೆಚ್ಚು ಬಂತೇ ಎಂಬುದು ಒಂದು ಅಳತೆ. ಯಾರಿಗೆ ಬಂತು ಎಂಬುದು ಎರಡನೆಯದು. ನಾಳೆಗೆ ಉಳಿಯಿತೇ ಎಂಬುದು ಮೂರನೆಯದು. ಪ್ರತಿ ವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದು ಈ ಮೂರನೆಯ ಪ್ರಶ್ನೆಯಿಂದಾಗಿ.

ನೀವು ಮಾಡಬೇಕಾದದ್ದು

ಮುಂದೆ ಯಾವುದೇ ಆರ್ಥಿಕ ವ್ಯವಸ್ಥೆಯ ಬಗ್ಗೆ ಬರೆಯುವಾಗ ಈ ನಾಲ್ಕು ಪ್ರಶ್ನೆಗಳನ್ನು ಕೇಳಿ. ಒಂದು, ಒಂದು ದಿನ ಹೆಚ್ಚು ದುಡಿದರೆ ಅದರ ಫಲ ಯಾರಿಗೆ? ಎರಡು, ಕೆಟ್ಟ ವರ್ಷದ ನಷ್ಟ ಯಾರಿಗೆ? ಮೂರು, ಒಪ್ಪದವನು "ಇಲ್ಲ" ಎಂದು ಹೇಳಿ ಬದುಕಬಲ್ಲನೇ? ನಾಲ್ಕು, ಮುಂದಿನ ತಲೆಮಾರಿಗೆ ಏನು ಉಳಿಯುತ್ತದೆ? ಈ ನಾಲ್ಕನ್ನೂ ಹೋಲಿಸುವ ಎರಡೂ ವ್ಯವಸ್ಥೆಗಳಿಗೆ ಸಮನಾಗಿ ಕೇಳಿ.

ಪುಸ್ತಕದ ಹೊರಗಿನ ಒಂದು ಕೆಲಸವನ್ನೂ ಕೊಡುತ್ತೇನೆ. ರಜೆಯಲ್ಲಿ ಮನೆಯ ಅಥವಾ ನೆರೆಮನೆಯ ಹಿರಿಯರೊಬ್ಬರ ಹತ್ತಿರ ಕೂತು ಕೇಳಿ. ಅವರದ್ದು ಮೂಲಗೇಣಿಯೋ, ಚಾಲಗೇಣಿಯೋ, ಕೂಲಿಯೋ, ದೋಣಿಯ ಪಾಲೋ? ಎಷ್ಟು ಮುಡಿ ಕೊಡುತ್ತಿದ್ದರು, ಯಾರು ಅಳೆಯುತ್ತಿದ್ದರು, ಬೆಳೆ ಕೆಟ್ಟ ವರ್ಷ ಏನಾಯಿತು? ಗೇಣಿ ಕೊಟ್ಟ ಮನೆಯವರನ್ನು ಕೇಳಿದರೆ ಗೇಣಿ ಪಡೆದ ಮನೆಯವರನ್ನೂ ಕೇಳಿ. 1974ರಲ್ಲಿ ದುಡಿಯುವ ವಯಸ್ಸಿನಲ್ಲಿದ್ದವರು ಈಗ ತುಂಬ ಹಿರಿಯರು. ಕಾಯುವಷ್ಟು ಸಮಯ ನಮಗಿಲ್ಲ. ಹೆಸರು ಬೇಡ, ಎರಡು ಪುಟ ಸಾಕು. ಬರೆದದ್ದನ್ನು ಅರ್ಥಶಾಸ್ತ್ರ ವಿಭಾಗಕ್ಕೆ ತಂದುಕೊಡಿ; ನಾವೆಲ್ಲ ಕೂತು ಓದೋಣ.